ಹಸಿರು ಸೀರೆ ಕೊಟ್ಟೆ, ಹಸಿರು ಸೀರೆಯೇ ಬಂತು, ಆದರೆ ನನ್ನದಲ್ಲ: ಒಂದು ಡ್ರೈಕ್ಲೀನಿಂಗ್ ಅಂಗಡಿಯ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಬರೆಯುವುದಿಲ್ಲ. ಮೈಸೂರಿನಲ್ಲಿ ನಮ್ಮ ಮನೆಯಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ ಇದೆ, 12 ವರ್ಷದಿಂದ ಅಲ್ಲೇ ಬಟ್ಟೆ ಕೊಡುತ್ತಿದ್ದೇನೆ, ಅಂಗಡಿಯವರು ಎದುರು ಸಿಕ್ಕರೆ ಈಗಲೂ ನಮಸ್ಕಾರ ಮೇಡಂ ಅನ್ನುತ್ತಾರೆ. ಹೆಸರು ಹಾಕಿ ಮಾನ ಕಳೆಯುವ ಆಸೆ ನನಗಿಲ್ಲ. ಆದರೆ ನಡೆದದ್ದನ್ನು ಬರೆಯಲೇಬೇಕು, ಯಾಕೆಂದರೆ ಇಂಥದ್ದು ನಿಮಗೂ ಆಗಿರುತ್ತೆ, ರಸೀದಿಯ ಹಿಂದಿನ ಸಣ್ಣ ಅಕ್ಷರ ತೋರಿಸಿದ ತಕ್ಷಣ ನೀವೂ ಬಾಯಿ ಮುಚ್ಚಿಕೊಂಡು ವಾಪಸ್ ಬಂದಿರುತ್ತೀರಿ. ನಾನು ಬರಲಿಲ್ಲ. ಅಂಕ ಎಷ್ಟು ಅನ್ನುವವರಿಗೆ: 5ಕ್ಕೆ 3. ನವೆಂಬರಿನಲ್ಲಿ ಕೇಳಿದ್ದರೆ 1 ಕೊಡುತ್ತಿದ್ದೆ, ಅದೂ ಇಸ್ತ್ರಿ ಚೆನ್ನಾಗಿ ಮಾಡುತ್ತಾರೆ ಅನ್ನುವ ಒಂದೇ ಕಾರಣಕ್ಕೆ.

ಕೆಲಸದಲ್ಲಿ ಅವರನ್ನು ದೂರುವ ಹಾಗಿಲ್ಲ. ಕಾಟನ್ ಸೀರೆಗೆ ಗಂಜಿ ಹದವಾಗಿ ಹಾಕುತ್ತಾರೆ, ರಟ್ಟಿನ ಥರ ಮಾಡುವುದಿಲ್ಲ. ನಮ್ಮ ಯಜಮಾನರ ಕೋಟು ಭುಜದ ಹತ್ತಿರ ಹೊಳಪು ಬಾರದ ಹಾಗೆ ಇಸ್ತ್ರಿ ಮಾಡುತ್ತಾರೆ, ಅದು ಎಲ್ಲರಿಗೂ ಬರುವ ಕೆಲಸ ಅಲ್ಲ. ರೇಷ್ಮೆ ಸೀರೆ ಡ್ರೈಕ್ಲೀನಿಗೆ 350, ರೋಲ್ ಪಾಲಿಶ್, ಅಂದರೆ ಉರುಳೆಗೆ ಸುತ್ತಿ ಹೊಳಪು ಕೊಡುವ ಕೆಲಸ, ಸೇರಿಸಿದರೆ 550. ಊರಲ್ಲಿ ಇದಕ್ಕಿಂತ ಕಡಿಮೆಗೂ ಸಿಗುತ್ತೆ, ಜಾಸ್ತಿಗೂ ಸಿಗುತ್ತೆ. ಹೇಳಿದ ದಿನಕ್ಕಿಂತ ಎರಡು ದಿನ ತಡ ಅಂತ ಲೆಕ್ಕ ಇಟ್ಟುಕೊಂಡು ಹೋದರೆ ಕೋಪ ಬರುವುದಿಲ್ಲ.

ಈಗ ಸೀರೆ ವಿಷಯ. 2017ರಲ್ಲಿ ನಾನು ನಿವೃತ್ತಿ ಆದಾಗ ಬಂದ ದುಡ್ಡಿನಲ್ಲಿ ನನಗೋಸ್ಕರ ತಗೊಂಡದ್ದು ಒಂದೇ ವಸ್ತು, ಮಾನಂದವಾಡಿ ರಸ್ತೆಯಲ್ಲಿರುವ, ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿ ಕಾರ್ಖಾನೆಯ ಮಳಿಗೆಯಲ್ಲಿ ಒಂದು ಮೈಸೂರು ಸಿಲ್ಕ್. ಗಿಳಿಹಸಿರು ಮೈ, ಅಗಲ ಜರಿ ಅಂಚು, ಮೈಯಲ್ಲಿ ಏನೂ ಇಲ್ಲ, ಸಾದಾ. ಈ ಸೀರೆಗಳ ಒಂದು ವಿಶೇಷ ಗೊತ್ತಿರಲಿ: ಪ್ರತಿ ಸೀರೆಗೂ ಅದರದ್ದೇ ಒಂದು ಸಂಖ್ಯೆ ಇರುತ್ತೆ, ಬಟ್ಟೆಯ ತುದಿಯಲ್ಲೇ. ನಕಲಿ ಸೀರೆಗೆ ಇವರ ಹೆಸರು ಹೇಳಿ ಮಾರುವುದನ್ನು ತಡೆಯಲು ಮಾಡಿದ ವ್ಯವಸ್ಥೆ ಅದು. ನಾನು 31 ವರ್ಷ ಬ್ಯಾಂಕಿನಲ್ಲಿ ದುಡಿದವಳು, ಅದರಲ್ಲಿ 6 ವರ್ಷ ಲಾಕರ್ ಕೋಣೆ ನನ್ನ ಸುಪರ್ದಿಯಲ್ಲೇ ಇತ್ತು. ಎಲ್ಲಿ ಸಂಖ್ಯೆ ಕಂಡರೂ ಬರೆದಿಟ್ಟುಕೊಳ್ಳುವುದು ನನ್ನ ರೋಗ. ಸೀರೆಯ ಸಂಖ್ಯೆಯನ್ನೂ ಡೈರಿಯ ಕೊನೇ ಪುಟದಲ್ಲಿ, ಗ್ಯಾಸ್ ಸಿಲಿಂಡರಿನ ಗ್ರಾಹಕ ಸಂಖ್ಯೆಯ ಕೆಳಗೆ ಬರೆದಿಟ್ಟಿದ್ದೆ. ಮನೆಯಲ್ಲಿ ಎಲ್ಲರೂ ನಕ್ಕಿದ್ದರು.

ಅಕ್ಟೋಬರಿನಲ್ಲಿ ಒಂದು ಮದುವೆ ಊಟದಲ್ಲಿ ಬಡಿಸುವ ಹುಡುಗ ಸೆರಗಿನ ಮೇಲೆ ಹುಳಿ ಚೆಲ್ಲಿದ. ಅಂಚಿಗೂ ತಾಗಿತು. ಡಿಸೆಂಬರ್ 4ಕ್ಕೆ ಸೊಸೆಯ ಸೀಮಂತ, ಅವತ್ತು ಇದೇ ಸೀರೆ ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ. ನವೆಂಬರ್ 10ಕ್ಕೆ ರೋಲ್ ಪಾಲಿಶೂ ಸೇರಿಸಿ ಅಂಗಡಿಗೆ ಕೊಟ್ಟೆ, 18ಕ್ಕೆ ಬನ್ನಿ ಅಂದರು.

ಕೊಡುವಾಗ ಏನಾಗುತ್ತೆ ಅಂತ ಒಮ್ಮೆ ನಿಂತು ನೋಡಿ. ಹುಡುಗ ಸೀರೆಯನ್ನು ಬಿಚ್ಚಲಿಲ್ಲ. ಮಡಿಕೆಯ ಮೇಲೆ ಕೈ ಸವರಿದ, ರಸೀದಿ ಪುಸ್ತಕದಲ್ಲಿ ‘ಸೀರೆ – 1’ ಅಂತ ಬರೆದ. ಯಾವ ಬಣ್ಣ, ಯಾವ ರೇಷ್ಮೆ, ಎಲ್ಲಿ ಕಲೆ, ಯಾವುದೂ ಇಲ್ಲ. ಆಮೇಲೆ ಒಂದು ಡಬ್ಬದಿಂದ ಹಳದಿ ಬಟ್ಟೆಯ ಚಿಂದಿ ತೆಗೆದ. ಬೆರಳಗಲ, ಎರಡು ಇಂಚು ಉದ್ದ. ಅದರ ಮೇಲೆ ಮಾಸದ ಮಸಿಯಲ್ಲಿ ‘418’ ಅಂತ ಬರೆದು, ಊದಿ ಒಣಗಿಸಿ, ಫಾಲ್ಸ್ ಹೊಲಿಗೆಯ ಪಕ್ಕ ಪಿನ್ ಚುಚ್ಚಿದ. ಅಷ್ಟೇ. ನನ್ನ ಸೀರೆಗೂ ನನಗೂ ಇದ್ದ ಸಂಬಂಧ ಆ ಕ್ಷಣದಿಂದ ಒಂದು ಪಿನ್ನಿಗೆ ತಗುಲಿಕೊಂಡಿತ್ತು. ಲಾಕರ್ ಕೋಣೆಯಲ್ಲಿ ಎರಡು ಕೀಲಿ, ಎರಡು ಸಹಿ, ಬಂದ ಹೊತ್ತು ಹೋದ ಹೊತ್ತು ಎಲ್ಲಾ ಬರೆಸಿಕೊಂಡವಳು ನಾನು, ಇಲ್ಲಿ ಏನೂ ಕೇಳದೆ ರಸೀದಿ ಪರ್ಸಿಗೆ ಹಾಕಿಕೊಂಡು ತರಕಾರಿ ತರಲು ಹೋದೆ.

18ಕ್ಕೆ ಆಗಿರಲಿಲ್ಲ. 21ಕ್ಕೆ ಸಿಕ್ಕಿತು. ಪ್ಲಾಸ್ಟಿಕ್ ಕವರಿನಲ್ಲಿ, ಒಳ್ಳೆ ಹೊಳಪು. ಅಂಗಡಿಯವರೇ ಸೆರಗು ಬಿಡಿಸಿ ತೋರಿಸಿದರು. ‘ನೋಡಿ ಮೇಡಂ, ಹುಳಿ ಕಲೆ ಅಂದ್ರಿ, ಗುರುತೇ ಇಲ್ಲ. ಬೇರೆ ಕಡೆ ಆಗಿದ್ರೆ ಬಣ್ಣವನ್ನೂ ತೆಗೆದುಬಿಡ್ತಾ ಇದ್ರು.’ ನನಗೂ ಖುಷಿ ಆಯಿತು. ಮನೆಗೆ ಬಂದು ಬೀರುವಿನಲ್ಲಿ ಇಡುವಾಗ ಕೈಗೆ ಏನೋ ಬೇರೆ ಅನ್ನಿಸಿತು. ಕುಚ್ಚು. ನನ್ನದಕ್ಕೆ ಸೊಸೆ ತಾನೇ ಕೂತು ಕಟ್ಟಿದ ಕುಚ್ಚು, ಒಂದೊಂದು ಗಂಟು ಒಂದೊಂದು ಥರ. ಇದರದ್ದು ಅಂಗಡಿಯಲ್ಲಿ ಕಟ್ಟಿಸಿದ್ದು, ಎಲ್ಲಾ ಒಂದೇ ಸಮ. ಡೈರಿ ತೆಗೆದೆ, ತುದಿಯ ಸಂಖ್ಯೆ ನೋಡಿದೆ. ಬೇರೆ. ಕಲೆ ಹೋಗಿದ್ದು ಯಾಕೆ ಅಂತ ಗೊತ್ತಾಯಿತು. ಈ ಸೀರೆಗೆ ಕಲೆಯೇ ಆಗಿರಲಿಲ್ಲ.

ನಮ್ಮ ಯಜಮಾನರು ಪೇಪರ್ ಓದುತ್ತಾ, ‘ಅದೂ ಹಸಿರೇ, ಇದೂ ಹಸಿರೇ, ಉಟ್ಕೊಂಡು ಹೋಗು’ ಅಂದರು. ಗಂಡಸರ ಕಣ್ಣಿಗೆ ಹಸಿರು ಒಂದೇ ಇರುವುದು.

ಸಂಜೆಯೇ ಅಂಗಡಿಗೆ ಹೋದೆ. ಮೊದಲು ನಂಬಲಿಲ್ಲ. ಸಂಖ್ಯೆ ತೋರಿಸಿದೆ. ‘ನೀವು ಬರ್ಕೊಂಡದ್ದು ತಪ್ಪಿರಬಹುದು ಮೇಡಂ.’ ಕುಚ್ಚು ತೋರಿಸಿದೆ. ‘ರೋಲ್ ಮಾಡಿದಾಗ ಕುಚ್ಚು ನೇರ ಆಗುತ್ತೆ.’ ಇದಕ್ಕೆ ಮಾತ್ರ ನನಗೆ ನಗು ಬಂತು. ಕೊನೆಗೆ ರಸೀದಿ ತಿರುಗಿಸಿ ಹಿಂದಿನ ಅಕ್ಷರ ತೋರಿಸಿದರು: ಬಟ್ಟೆ ಕಳೆದುಹೋದರೆ ಅಥವಾ ಅದಲುಬದಲಾದರೆ ಡ್ರೈಕ್ಲೀನ್ ದರದ 10 ಪಟ್ಟು ಮಾತ್ರ ಕೊಡಲಾಗುವುದು. ಅಂದರೆ 3,500. ‘ಇದು ಎಲ್ಲಾ ಕಡೆ ಇರೋ ರೂಲ್ಸ್ ಮೇಡಂ, ನೀವು ಒಪ್ಪಿಯೇ ಕೊಟ್ಟಿರೋದು.’ ನಾನು ಎಲ್ಲಿ ಒಪ್ಪಿದೆ? ಸಹಿ ಹಾಕಿಲ್ಲ, ಓದಿಲ್ಲ, ಅವರೂ ಓದಿ ಹೇಳಲಿಲ್ಲ. ಸೀರೆ ಒಳಗೆ ಹೋದ ಮೇಲೆ ಕೈಗೆ ಬಂದ ಚೀಟಿ ಅದು.

ನನ್ನ ತಂಗಿ ಮಗ ವಕೀಲ. ಫೋನ್ ಮಾಡಿದೆ. ‘ದೊಡ್ಡಮ್ಮ, ನೀವು ಸೀರೆ ಮಾರಿಲ್ಲ, ದಾನ ಮಾಡಿಲ್ಲ, ಒಂದು ಕೆಲಸಕ್ಕೆ ಅಂತ ಕೊಟ್ಟಿದ್ದೀರಿ, ಕೆಲಸ ಮುಗಿದ ಮೇಲೆ ಅದೇ ಸೀರೆ ವಾಪಸ್ ಬರಬೇಕು. ಇದಕ್ಕೆ ಬೇಲ್‌ಮೆಂಟ್ ಅಂತಾರೆ. 1872ರ ಕರಾರು ಕಾಯಿದೆಯಲ್ಲಿ 148ನೇ ಕಲಮಿನಿಂದ ಶುರುವಾಗುತ್ತೆ, ಕೂತು ಓದಿ’ ಅಂದ. ನಿವೃತ್ತಿ ಆದವರಿಗೆ ಬೇರೆ ಕೆಲಸ ಏನು, ಕೂತು ಓದಿದೆ. ಬ್ಯಾಂಕಿನ ಪರೀಕ್ಷೆಗೆ ಉರು ಹೊಡೆದಿದ್ದ ಅದೇ ಅಧ್ಯಾಯ, ಆಗ ಒಂದು ಸಾಲೂ ತಲೆಗೆ ಹೋಗಿರಲಿಲ್ಲ.

ಈ ಸಲ ಹೋಯಿತು. 151ನೇ ಕಲಮು ಹೇಳುವುದು ಇಷ್ಟು: ಬೇರೆಯವರ ವಸ್ತುವನ್ನು ಇಟ್ಟುಕೊಂಡವನು, ಸಾಮಾನ್ಯ ಬುದ್ಧಿ ಇರುವ ಮನುಷ್ಯ ಅಂಥದ್ದೇ ಬೆಲೆಯ ತನ್ನ ಸ್ವಂತ ವಸ್ತುವನ್ನು ಅದೇ ಸಂದರ್ಭದಲ್ಲಿ ಎಷ್ಟು ಜೋಪಾನ ಮಾಡುತ್ತಿದ್ದನೋ ಅಷ್ಟು ಜೋಪಾನ ಮಾಡಬೇಕು. ಕೂಲಿ ತಗೊಂಡು ಇಟ್ಟುಕೊಂಡರೂ ಇದೇ, ಪಕ್ಕದ ಮನೆಯವರು ಊರಿಗೆ ಹೋಗುವಾಗ ಪುಕ್ಕಟೆ ಇಟ್ಟುಕೊಂಡರೂ ಇದೇ ಅಳತೆ. ಅಷ್ಟು ಜೋಪಾನ ಮಾಡಿಯೂ ಹಾಳಾದರೆ ಅವನ ತಪ್ಪಲ್ಲ, ಬೇರೆ ಒಪ್ಪಂದ ಇಲ್ಲದಿದ್ದರೆ ಅವನು ಕೊಡಬೇಕಾದ್ದೂ ಇಲ್ಲ, ಅದು 152. ಆದರೆ ಜೋಪಾನ ಮಾಡಿದ್ದೆ ಅಂತ ತೋರಿಸಬೇಕಾದವನು ಅವನೇ. ಇದು ನನಗೆ ಹೊಸದು. ಸೀರೆ ಎಲ್ಲಿ, ಹೇಗೆ, ಯಾರ ಕೈಯಲ್ಲಿ ತಪ್ಪಿತು ಅಂತ ಗಿರಾಕಿಗೆ ಹೇಗೆ ಗೊತ್ತಾಗಬೇಕು? ಕೊಟ್ಟದ್ದಕ್ಕೆ ರಸೀದಿ ಇದೆ, ವಾಪಸ್ ಬಂದಿಲ್ಲ, ಅಲ್ಲಿಗೆ ನನ್ನ ಮಾತು ಮುಗಿಯಿತು, ಇನ್ನು ಅವರು ಹೇಳಬೇಕು.

ಆ ಕಾಯಿದೆಯಲ್ಲಿ ನಿಯಮಕ್ಕಿಂತ ಉದಾಹರಣೆಗಳೇ ಚೆಂದ. ಎಲ್ಲಾ ಕುದುರೆ, ಗಾಡಿ, ಹಿಟ್ಟಿನ ಪೀಪಾಯಿ. ಬನಾರಸಿಗೆ ಹೋಗುತ್ತೇನೆ ಅಂತ ಕಲ್ಕತ್ತಾದಲ್ಲಿ ಒಬ್ಬ ಕುದುರೆ ಬಾಡಿಗೆಗೆ ತಗೊಳ್ಳುತ್ತಾನೆ, ಆದರೆ ಕಟಕ್ ಕಡೆ ಹೋಗುತ್ತಾನೆ. ಜೋಪಾನವಾಗಿಯೇ ಓಡಿಸಿದ, ಆದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಪೆಟ್ಟಾಯಿತು. ನಷ್ಟ ಅವನೇ ಕಟ್ಟಿಕೊಡಬೇಕು, ಯಾಕೆಂದರೆ ಹೇಳಿದ ದಾರಿ ಅದಲ್ಲ. ಇನ್ನೊಂದರಲ್ಲಿ ಒಬ್ಬ ತನ್ನ ಹಸುವನ್ನು ಇನ್ನೊಬ್ಬನ ಹತ್ತಿರ ನೋಡಿಕೊಳ್ಳಲು ಬಿಡುತ್ತಾನೆ, ಅಲ್ಲಿ ಅದು ಕರು ಹಾಕುತ್ತೆ. ಹಸುವಿನ ಜೊತೆ ಕರುವನ್ನೂ ಕೊಡಬೇಕು. ನಮ್ಮ ಅಜ್ಜಿಯ ಊರಿನಲ್ಲಿ ಈ ಕರುವಿನ ವಿಷಯಕ್ಕೇ ಎರಡು ಮನೆಯವರು ಹದಿನೈದು ವರ್ಷ ಮಾತು ಬಿಟ್ಟಿದ್ದರು, 163ನೇ ಕಲಮು ಯಾರಿಗೂ ಗೊತ್ತಿರಲಿಲ್ಲ.

ಕಟಕ್‌ನ ಕುದುರೆ ನನಗೆ ಯಾಕೆ ನೆನಪಾಯಿತು ಅಂದರೆ, ಅಂಗಡಿಯ ಬೋರ್ಡಿನಲ್ಲಿ ‘ಎಲ್ಲಾ ಕೆಲಸ ನಮ್ಮಲ್ಲೇ’ ಅಂತ ದಪ್ಪ ಅಕ್ಷರದಲ್ಲಿ ಇದೆ. ವಿಚಾರಿಸಿದರೆ ರೋಲ್ ಪಾಲಿಶ್ ಅಲ್ಲಿ ಆಗುವುದೇ ಇಲ್ಲ, ವಾರಕ್ಕೆ ಎರಡು ಸಲ ಗಂಟು ಕಟ್ಟಿ ಊರಾಚೆ ಬೇರೆಯವರಿಗೆ ಕಳಿಸುತ್ತಾರೆ. ‘ಆ ಕಲಮು ವಸ್ತುವನ್ನು ಉಪಯೋಗಿಸೋದರ ಬಗ್ಗೆ ದೊಡ್ಡಮ್ಮ, ನಿಮಗೆ ನೇರವಾಗಿ ಬರಲ್ಲ’ ಅಂದ ತಂಗಿ ಮಗ. ಇರಲಿ. ನನ್ನ ಸೀರೆ ಬನಾರಸಿಗೆ ಅಂತ ಹೊರಟು ಕಟಕ್ ಸೇರಿದ್ದಂತೂ ನಿಜ.

ಇನ್ನು ಆ 10 ಪಟ್ಟಿನ ಮಾತು. ಇದೇ ಥರದ ಕೇಸು ಮದರಾಸ್ ಹೈಕೋರ್ಟಿನಲ್ಲಿ ನಡೆದಿದೆ, 1966ರ ವರದಿಯಲ್ಲಿದೆ, ಲಿಲಿ ವೈಟ್ ಅನ್ನುವ ಲಾಂಡ್ರಿ, ಕಳೆದದ್ದು ಒಂದು ಹೊಸ ಸೀರೆ! ಅವರ ರಸೀದಿಯಲ್ಲಿ ಕಳೆದುಹೋದರೆ ಬೆಲೆಯ ಶೇ 15 ಮಾತ್ರ ಅಂತ ಅಚ್ಚಾಗಿತ್ತು. ಕೋರ್ಟು ಈ ಷರತ್ತನ್ನು ಎತ್ತಿಹಿಡಿಯಲಿಲ್ಲ. ತರ್ಕ ಸರಳ: ಇದನ್ನು ಒಪ್ಪಿಬಿಟ್ಟರೆ ಯಾವ ಲಾಂಡ್ರಿಯವನು ಬೇಕಾದರೂ ಹೊಸ ಬಟ್ಟೆಯನ್ನು ‘ಕಳೆದು’, ಶೇ 15 ಕೊಟ್ಟು, ಬಟ್ಟೆ ತಾನು ಇಟ್ಟುಕೊಳ್ಳಬಹುದು. ಮೋಸಕ್ಕೆ ಬಹುಮಾನ ಕೊಟ್ಟ ಹಾಗೆ. ನನ್ನ ಸೀರೆ 3,500ಕ್ಕೆ ಸಿಗುವುದಾದರೆ ನಾನೇ ಹತ್ತು ಕೊಂಡುಕೊಳ್ಳುತ್ತಿದ್ದೆ ಅಂತ ಅಂಗಡಿಯವರಿಗೆ ಹೇಳಿದ್ದೆ, ನನಗೆ ಗೊತ್ತಿಲ್ಲದೆಯೇ ಹೈಕೋರ್ಟಿನ ಮಾತು ಆಡಿದ್ದೆ ಅನ್ನಿ.

ಇತ್ತೀಚಿನದೂ ಇದೆ. 1998ರ ಆಗಸ್ಟಿನಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ರಾತ್ರಿ ಒಬ್ಬರು ಮಾರುತಿ ಝೆನ್ ತಂದು, ಕೀಲಿಯನ್ನು ಹೋಟೆಲಿನ ಹುಡುಗನ ಕೈಗೆ ಕೊಟ್ಟು ಒಳಗೆ ಹೋಗಿದ್ದಾರೆ. ಹೊರಗೆ ಬಂದಾಗ ಕಾರಿಲ್ಲ. ಬೇರೆ ಕಾರಿನಲ್ಲಿ ಬಂದಿದ್ದ ಮೂವರು ಹುಡುಗರಲ್ಲಿ ಒಬ್ಬ ಈ ಕಾರಿನ ಕೀಲಿ ಎಗರಿಸಿ ಓಡಿಸಿಕೊಂಡು ಹೋಗಿದ್ದ. ಪಾರ್ಕಿಂಗ್ ಟೋಕನ್ನಿನಲ್ಲಿ ಏನಿತ್ತು ಹೇಳಿ? ‘ವಾಹನ ಮಾಲೀಕರ ಸ್ವಂತ ಹೊಣೆ’ ಅನ್ನುವ ಅರ್ಥದ ಅದೇ ಹಳೇ ಮಾತು. ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ ಹೇಳಿತು, ಕೀಲಿ ಇಸಕೊಂಡ ಮೇಲೆ ಕಾರು ನಿಮ್ಮ ಸುಪರ್ದಿ, ನಿಮ್ಮದೇ ನಿರ್ಲಕ್ಷ್ಯಕ್ಕೆ ಒಂದು ಚೀಟಿ ಅಡ್ಡ ಹಿಡಿದು ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತ. ಕೀಲಿ ಕೈ ಬದಲಾಗುವುದೇ ಇಲ್ಲಿ ಮುಖ್ಯ. ನೀವೇ ಗಾಡಿ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡು ಹೋದರೆ ಲೆಕ್ಕ ಬೇರೆ ಆಗಬಹುದು.

ಈ ‘ಸುಪರ್ದಿ’ಯ ಬಗ್ಗೆ ಒಂದು ಪಾಪದ ಕೇಸಿದೆ, ಅದೂ ಮದರಾಸಿನದೇ, 1938ರ ವರದಿಯದು. ಒಬ್ಬ ಹೆಂಗಸು ಹಳೇ ಒಡವೆ ಕರಗಿಸಿ ಹೊಸದು ಮಾಡಿಸಲು ಅಕ್ಕಸಾಲಿಗನಿಗೆ ಕೊಟ್ಟಳು. ನಂಬಿಕೆ ಸಾಲದು, ದಿನಾ ಸಂಜೆ ಹೋಗಿ ಅರ್ಧ ಆದ ಒಡವೆಯನ್ನು ಅವನ ಮನೆಯಲ್ಲೇ ಒಂದು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿ ಕೀಲಿ ತಾನು ಒಯ್ಯುತ್ತಿದ್ದಳು. ಒಂದು ರಾತ್ರಿ ಕಳವಾಯಿತು. ಅಕ್ಕಸಾಲಿಗ ಹೊಣೆ ಅಲ್ಲ ಅಂದಿತು ಕೋರ್ಟು, ಯಾಕೆಂದರೆ ಪ್ರತಿ ಸಂಜೆ ಅವಳು ಒಡವೆಯನ್ನು ತನ್ನ ಸುಪರ್ದಿಗೆ ವಾಪಸ್ ತಗೊಂಡ ಹಾಗೆ ಆಯಿತು. ಜಾಸ್ತಿ ಹುಷಾರಾಗಿದ್ದೇ ತಪ್ಪಾಯಿತು, ಪಾಪ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಲಾಕರ್ ನೋಡಿಕೊಂಡವಳಾಗಿ ಒಂದು ಮಾತು ಸೇರಿಸುತ್ತೇನೆ, ಕ್ಷಮಿಸಿ, ಇದು ಡ್ರೈಕ್ಲೀನಿಂಗ್ ವಿಮರ್ಶೆ ಅಂತ ನೆನಪಿದೆ. ಒಳಗೆ ಏನಿದೆ ಅಂತ ನಮಗೇ ಗೊತ್ತಿಲ್ಲ, ಹಾಗಾಗಿ ಅದಕ್ಕೆ ನಾವು ಹೊಣೆ ಅಲ್ಲ ಅಂತ ಬ್ಯಾಂಕಿನಲ್ಲಿ ನಾವು ಎಷ್ಟು ಜನಕ್ಕೆ ಹೇಳಿದ್ದೇವೋ. ಕಲ್ಕತ್ತಾದಲ್ಲಿ ಒಬ್ಬರ ಲಾಕರನ್ನು ಬಾಡಿಗೆ ಬಂದಿಲ್ಲ ಅಂತ ಬ್ಯಾಂಕು ಒಡೆದು ತೆಗೆದಿತ್ತು, ಬಾಡಿಗೆ ಕಟ್ಟಿದ್ದರು, ಹೇಳದೆ ಕೇಳದೆ ಒಡೆದದ್ದು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಬ್ಯಾಂಕಿಗೆ 5 ಲಕ್ಷ ಪರಿಹಾರ ಕೊಡಲು ಹೇಳಿತು, ಒಳಗಿನದು ಗೊತ್ತಿರಲಿ ಬಿಡಲಿ, ಲಾಕರ್ ಕಾಯುವ ಹೊಣೆ ನಿಮ್ಮದೇ ಅಂದಿತು. ಆಮೇಲೆ ರಿಸರ್ವ್ ಬ್ಯಾಂಕು ಹೊಸ ನಿಯಮ ಮಾಡಿತು, 2022ರ ಜನವರಿ 1ರಿಂದ ಜಾರಿ. ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಇಂಥವುಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಈ ಕಾರಿನ ತೀರ್ಪು, ಲಾಕರ್ ತೀರ್ಪು ಎರಡನ್ನೂ ಬರೆದವರು ನಮ್ಮ ಹಾವೇರಿ ಕಡೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಲಾಕರ್ ತೀರ್ಪು ಬಂದ ಎರಡು ತಿಂಗಳಿಗೆ, 2021ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಅವರ ಎರಡು ತೀರ್ಪಿನ ಹೆಸರು ನನ್ನ ಡೈರಿಯಲ್ಲಿ ಸೀರೆಯ ಸಂಖ್ಯೆಯ ಕೆಳಗೆ ಸೇರಿದವು.

ಸರಿ, ಅಂಗಡಿಗೆ ವಾಪಸ್. ನಾನು ಒಂದು ಪುಟದ ಕಾಗದ ಬರೆದೆ, ಕನ್ನಡದಲ್ಲೇ. ಕೊಟ್ಟ ತಾರೀಖು, ರಸೀದಿ ಸಂಖ್ಯೆ, ಸೀರೆಯ ಸಂಖ್ಯೆ, ಬಂದ ಸೀರೆಯ ಸಂಖ್ಯೆ, 151ನೇ ಕಲಮು, ಜೊತೆಗೆ 161. ಈ 161 ಅಂದರೆ, ಹೇಳಿದ ಹೊತ್ತಿಗೆ ವಾಪಸ್ ಕೊಡದೆ ತಮ್ಮ ತಪ್ಪಿನಿಂದ ಇಟ್ಟುಕೊಂಡರೆ ಅಲ್ಲಿಂದ ಮುಂದೆ ಆ ವಸ್ತುವಿಗೆ ಏನೇ ಆದರೂ ಅವರದೇ ಹೊಣೆ. ‘15 ದಿನದಲ್ಲಿ ನನ್ನ ಸೀರೆ ಹುಡುಕಿಕೊಡಿ, ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ’ ಅಂತ ಕೊನೆಗೆ. ಎರಡು ಪ್ರತಿ, ಒಂದರ ಮೇಲೆ ಅವರ ಸಹಿ, ಮೊಹರು. ಆ ಮೊಹರು ಒತ್ತುವಾಗ ಅವರ ಮುಖ ಬದಲಾಯಿತು. ಬಾಯಲ್ಲಿ ಎಷ್ಟು ಜಗಳ ಆಡಿದರೂ ಆಗದ ಕೆಲಸ ಒಂದು ಸ್ವೀಕೃತಿಯ ಮೊಹರಿನಿಂದ ಆಗುತ್ತೆ, ಇದು ಬ್ಯಾಂಕಿನಲ್ಲಿ ಕಲಿತದ್ದು.

ಪೊಲೀಸಿಗೆ ಹೋಗಿ ಅಂದವರೂ ಇದ್ದರು. ನಂಬಿಕೆದ್ರೋಹ ಅಂತ ಅಪರಾಧ ಇದೆ, ಹಿಂದೆ ಐಪಿಸಿಯಲ್ಲಿ 406, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 316. ಆದರೆ ಅದಕ್ಕೆ ಮೋಸದ ಮನಸ್ಸು ಬೇಕು. ಇಲ್ಲಿ ಇದ್ದದ್ದು ಬರೀ ಅಜಾಗರೂಕತೆ. ಪಿನ್ ಬದಲಾದದ್ದಕ್ಕೆ ಒಬ್ಬ ಹುಡುಗನನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ.

ಇದರ ನಡುವೆ ನನಗೇ ಒಂದು ಫಜೀತಿ. ಯಾರದ್ದೋ ಸೀರೆ ನನ್ನ ಬೀರುವಿನಲ್ಲಿ ಇದೆ, ಅದು ನನ್ನದಲ್ಲ ಅಂತ ನನಗೆ ಗೊತ್ತು. ಅಂಗಡಿಯಲ್ಲಿ ಬಿಟ್ಟು ಬಂದರೆ ನನ್ನ ಹತ್ತಿರ ಪುರಾವೆಯೇ ಉಳಿಯುವುದಿಲ್ಲ, ಇಟ್ಟುಕೊಂಡರೆ ಅದನ್ನು ಕಾಪಾಡಬೇಕಾದವಳು ನಾನು. ಹಳೇ ಬಿಳಿ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಜರಿಗೆ ತಾಗದ ಹಾಗೆ ದೂರ ಇಟ್ಟು, ಮೊಮ್ಮಗಳ ಕೈಗೆ ಸಿಗದ ಮೇಲಿನ ಅರೆಯಲ್ಲಿ ಇಟ್ಟೆ. ನನ್ನ ಸ್ವಂತ ಸೀರೆಯನ್ನೂ ಅಷ್ಟು ಅಚ್ಚುಕಟ್ಟಾಗಿ ಇಟ್ಟಿಲ್ಲ. ಸೀಮಂತಕ್ಕೆ ಹಳೇ ಕಂಚಿ ಉಟ್ಟೆ. ಫೋಟೋದಲ್ಲಿ ನನ್ನ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತೆ.

ಡಿಸೆಂಬರ್ 9ಕ್ಕೆ ಫೋನ್ ಬಂತು. ಸಿಕ್ಕಿದೆ. ಆದದ್ದು ಏನೆಂದರೆ, ರೋಲ್ ಮಾಡುವ ಮುಂಚೆ ಪಿನ್ ತೆಗೆಯಲೇಬೇಕು, ಇಲ್ಲದಿದ್ದರೆ ರೇಷ್ಮೆ ಕಿತ್ತುಹೋಗುತ್ತೆ. ಅವತ್ತಿನ ಗಂಟಿನಲ್ಲಿ ಎರಡು ಗಿಳಿಹಸಿರು ಮೈಸೂರು ಸಿಲ್ಕ್ ಇದ್ದವು, 418 ಮತ್ತು 423, ವಾಪಸ್ ಪಿನ್ ಹಾಕುವಾಗ ಚಿಂದಿ ಅದಲುಬದಲು. ನನ್ನ ಸೀರೆ ಹೋದ ಮನೆಯವರು ಅದನ್ನು ಗೃಹಪ್ರವೇಶಕ್ಕೆ ಉಟ್ಟೂ ಆಗಿತ್ತು.

ಇಬ್ಬರೂ ಅಂಗಡಿಯಲ್ಲಿ ಭೇಟಿಯಾದೆವು. ನನಗಿಂತ ಚಿಕ್ಕವರು, ಮುಜುಗರದಿಂದ ಕುಗ್ಗಿಹೋಗಿದ್ದರು. ‘ಸೆರಗಲ್ಲಿ ಕಲೆ ನೋಡಿ ಇವರೇ ಮಾಡಿದ್ದು ಅಂದ್ಕೊಂಡೆ ಆಂಟಿ, ಸುಮ್ನೆ ಬೈದುಕೊಂಡು ಮಡಿಕೆ ಒಳಗೆ ಮಾಡಿ ಉಟ್ಟೆ.’ ಗಲ್ಲಾದ ಮೇಲೆ ಎರಡೂ ಸೀರೆ ಹರಡಿ, ತುದಿ ಹುಡುಕಿ, ಕನ್ನಡಕ ಹಾಕಿಕೊಂಡು ಸಂಖ್ಯೆ ಓದಿದೆವು. ಅಂಗಡಿಯವರು ಡೈರಿಯನ್ನು ತಾವೇ ಇಸಕೊಂಡು ತಾಳೆ ನೋಡಿದರು. ಕುಚ್ಚೂ ನನ್ನದೇ, ಡೊಂಕು ಗಂಟುಗಳ ಸಮೇತ.

ನನ್ನ ಸೀರೆಯಲ್ಲಿ ಎರಡು ತೊಂದರೆ ಇತ್ತು. ಫಾಲ್ಸ್ ಪಕ್ಕ ಪಿನ್ ಎಳೆದು ಅರ್ಧ ಇಂಚು ಹರಿದಿತ್ತು. ಸೆರಗಿನ ಅಂಚಿನಲ್ಲಿ, ಕಲೆ ಇದ್ದ ಕಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಜರಿ ಕಪ್ಪಿಟ್ಟಿತ್ತು. ನಾನು ಎರಡಕ್ಕೂ ಬಾಯಿ ತೆಗೆದೆ. ಆಗ ಒಳಗಿಂದ ಹಳೇ ಕೆಲಸದವರೊಬ್ಬರು ಬಂದು, ಜರಿಯನ್ನು ಬೆಳಕಿಗೆ ಹಿಡಿದು, ‘ಅಮ್ಮಾ, ಮನೇಲಿ ನಿಂಬೆಹಣ್ಣು ಏನಾದ್ರೂ ಹಾಕಿದ್ರಾ?’ ಅಂದರು.

ಹಾಕಿದ್ದೆ. ಮದುವೆಯಿಂದ ಬಂದ ರಾತ್ರಿಯೇ ನಿಂಬೆರಸ, ಸೋಡಾ ಪುಡಿ ಹಾಕಿ ಉಜ್ಜಿದ್ದೆ. ಕೊಡುವಾಗ ಹೇಳಿರಲಿಲ್ಲ, ಬೈಯುತ್ತಾರೆ ಅಂತ. ಅದೇ ಕಾಯಿದೆಯ 150ನೇ ಕಲಮನ್ನು ನಾನು ಓದಿಯೂ ಹಾರಿಸಿಬಿಟ್ಟಿದ್ದೆ: ಕೊಡುವವನು ವಸ್ತುವಿನಲ್ಲಿ ತನಗೆ ಗೊತ್ತಿರುವ ದೋಷವನ್ನು ಹೇಳಿಯೇ ಕೊಡಬೇಕು. ಅಲ್ಲಿಯ ಉದಾಹರಣೆಯೂ ಕುದುರೆಯದೇ. ತುಂಟ ಕುದುರೆ ಅಂತ ಗೊತ್ತಿದ್ದೂ ಹೇಳದೆ ಎರವಲು ಕೊಟ್ಟವನು, ಅದು ಸವಾರನನ್ನು ಕೆಡವಿದರೆ ತಾನೇ ಹೊಣೆ ಹೊರಬೇಕು. ನಾನು ನಿಂಬೆಹಣ್ಣು ಹಾಕಿದ ಸೀರೆಯನ್ನು ಬಾಯಿ ಮುಚ್ಚಿಕೊಂಡು ಕೊಟ್ಟವಳು. ಜರಿಯ ಮಾತನ್ನು ಅಲ್ಲಿಗೇ ಬಿಟ್ಟೆ. ಆ ಮಹಿಳೆ ನಗು ತಡೆಯಲು ಆ ಕಡೆ ತಿರುಗಿಕೊಂಡರು.

ಹರಿದದ್ದಕ್ಕೆ ಅಂಗಡಿಯವರು ವಾದ ಮಾಡಲಿಲ್ಲ. 550 ವಾಪಸ್ ಕೊಟ್ಟರು, ಡಾರ್ನಿಂಗ್ ಮಾಡಿಸಲು 600 ಕೊಟ್ಟರು. ಒಂದು ವರ್ಷ ಪುಕ್ಕಟೆ ಮಾಡಿಕೊಡ್ತೀನಿ ಅಂದದ್ದಕ್ಕೆ ಬೇಡ ಅಂದೆ, ಪುಕ್ಕಟೆ ಕೆಲಸಕ್ಕೆ ಯಾರೂ ಗಮನ ಕೊಡುವುದಿಲ್ಲ. ಸೀಮಂತ ತಪ್ಪಿದ್ದಕ್ಕೆ ಬೆಲೆ ಕಟ್ಟಲು ನನಗೂ ಬರಲಿಲ್ಲ.

ಸಿಗದೇ ಹೋಗಿದ್ದರೆ ಆಯೋಗಕ್ಕೆ ಹೋಗುತ್ತಿದ್ದದ್ದು ಖಂಡಿತ. ನಮ್ಮ ಊರಿನಲ್ಲೇ ಹಾಕಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಹಳೇ ಬಟ್ಟೆಗೆ ಹೊಸದರ ಬೆಲೆ ಪೂರ್ತಿ ಸಿಗುತ್ತೆ ಅಂತ ಮಾತ್ರ ಕಾಯಬೇಡಿ, ಎಷ್ಟು ವರ್ಷ ಉಟ್ಟದ್ದು ಅಂತಲೂ ನೋಡುತ್ತಾರೆ. ಬಿಲ್ಲು ಇಟ್ಟುಕೊಳ್ಳಿ, ಕೊಡುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ರಸೀದಿಯಲ್ಲಿ ಬಣ್ಣ, ಬೆಲೆ ಬರೆಸಿ. ಅವರು ಬರೆಯದಿದ್ದರೆ ಪೆನ್ನು ಇಸಕೊಂಡು ನೀವೇ ಬರೆದು ಸಹಿ ಹಾಕಿಸಿ.

ಒಂದು ಅಂಕ ಕಳೆದದ್ದು ಪಿನ್ನಿಗೆ. ಇನ್ನೊಂದು ಬೋರ್ಡಿನ ಸುಳ್ಳಿಗೆ, ಅದು ಇನ್ನೂ ಅಲ್ಲೇ ಇದೆ, ‘ಎಲ್ಲಾ ಕೆಲಸ ನಮ್ಮಲ್ಲೇ’. ರಸೀದಿಯ ಹಿಂದಿನ 10 ಪಟ್ಟೂ ಹಾಗೇ ಇದೆ, ಪುಸ್ತಕ ಮುಗಿಯಲಿ ಮೇಡಂ ಅನ್ನುತ್ತಾರೆ. ಉಳಿದ 3 ಅಂಕ, ಹುಡುಕಿಕೊಟ್ಟದ್ದಕ್ಕೆ, ಆ ಹಳೇ ಕೆಲಸದವರ ಕಣ್ಣಿಗೆ, ಮತ್ತೆ ಹೋದ ವಾರ ನಡೆದದ್ದಕ್ಕೆ.

ಹೋದ ವಾರ ನಮ್ಮ ಯಜಮಾನರ ಕೋಟು ಕೊಡಲು ಹೋಗಿದ್ದೆ. ಅದೇ ಹುಡುಗ. ಈ ಸಲ ಕೋಟನ್ನು ಬಿಡಿಸಿ, ‘ಬೂದು, ಎದೆ ಮೇಲೆ ಕಾಫಿ ಕಲೆ, ಮೂರನೇ ಗುಂಡಿ ಇಲ್ಲ’ ಅಂತ ಬರೆದ. ತಲೆ ಎತ್ತಿ, ‘ಮನೇಲಿ ಏನಾದ್ರೂ ಹಾಕಿದ್ರಾ ಆಂಟಿ?’ ಅಂದ. ಇಲ್ಲಪ್ಪ, ಈ ಸಲ ಏನೂ ಹಾಕಿಲ್ಲ ಅಂದೆ. ನಾಲ್ಕು ದಿನಕ್ಕೆ ಕೋಟು ಬಂತು, ಕವರಿಗೆ ಒಂದು ಚಿಕ್ಕ ಪೊಟ್ಟಣ ಸ್ಟೇಪ್ಲರ್ ಹೊಡೆದಿತ್ತು. ಒಳಜೇಬಿನಲ್ಲಿ ಸಿಕ್ಕಿದ್ದಂತೆ: 20ರ ಎರಡು ನೋಟು, ಯಾವುದೋ ಮದುವೆಯ ಅಡಿಕೆ ಪೊಟ್ಟಣ, ಮತ್ತೆ ಯಜಮಾನರು ಮೂರು ತಿಂಗಳಿಂದ ನಾನೇ ಕಳೆದೆ ಅಂತ ಬೈಯುತ್ತಿದ್ದ ಸ್ಕೂಟರಿನ ಕೀಲಿ. ಹಸುವಿನ ಜೊತೆ ಕರುವೂ ಬಂತು ನೋಡಿ ಅಂದೆ. ಅವರಿಗೆ ಅರ್ಥ ಆಗಲಿಲ್ಲ, ಕೀಲಿ ಇಸಕೊಂಡು ಸ್ಕೂಟರ್ ಶುರು ಆಗುತ್ತಾ ನೋಡಲು ಹೊರಗೆ ಹೋದರು.